ಬಲಗಡೆಯ ಬ್ರೇಕು

ಮತ್ತೆ ಅದೇ ಕಪ್ಪು ಪುಡಿ, ಬೆರಳಿಗೆ ಮೆತ್ತಿಕೊಂಡರೆ ಒರೆಸಿದಷ್ಟೂ ಹರಡುತ್ತದೆ, ಬಲಗಡೆ ಬ್ರೇಕಿನ ರಬ್ಬರಿನದು, ಹಾಕಿ ಆರು ತಿಂಗಳಾಗಿಲ್ಲ, ಆಗಲೇ ಸವೆದು ಒಳಗಿನ ಕಬ್ಬಿಣ ಹಲ್ಲು ಕಿರಿಯುತ್ತಿದೆ, ಅದೇ ದಿನ ಹಾಕಿದ ಎಡಗಡೆಯದು ಮಾತ್ರ ಮದುಮಗನ ಹಾಗೆ ಹೊಚ್ಚ ಹೊಸದಾಗಿ ಕೂತಿದೆ, ಅಪ್ಪನನ್ನು ಮಂಚದ ಮೇಲೆ ಮಲಗಿಸಿ ವೀಲ್‌ಚೇರನ್ನು ಬಾಗಿಲ ಮುಂದೆ ತಲೆಕೆಳಗು ಮಾಡಿಕೊಂಡು ಕೂತಿದ್ದೇನೆ, ಒಳಗಿನಿಂದ ಅಪ್ಪ, ಲೋ, ಆಯ್ತೇನೋ, ಮೂರು ಗಂಟೆಗೆ ಆಸ್ಪತ್ರೆಗೆ ಹೋಗ್ಬೇಕು, ನೆನಪಿದ್ಯಾ, ನೆನಪಿದೆ ಮಹಾರಾಯ, ವಾರಕ್ಕೆರಡು ಸಲ ಆ ಏರು ಹತ್ತಿಸುವವನು ನಾನು, ನಿನ್ನ ಎಡಗೈ ಎಡಗಾಲು ಬಿದ್ದುಹೋದ ದಿನವೇ ನನ್ನ ಒಂಬತ್ತನೇ ಕ್ಲಾಸೂ ಬಿದ್ದುಹೋಯಿತು, ಓದಿ ಏನ್ ಕಡಿದು ಕಟ್ಟೆ ಹಾಕ್ತೀಯ ಅಂದವನು ನೀನೇ, ಸೈಕಲ್ ಅಂಗಡಿ ಸೇರಿದೆ, ಅಲ್ಲಿ ಕಲಿತದ್ದನ್ನೆಲ್ಲ ಈ ಕುರ್ಚಿಗೇ ಸುರಿದೆ, ಬಲಕ್ಕೆ ಎಳೆಯುತ್ತದೆ ಎಂದು ಮುಂದಿನ ಚಿಕ್ಕ ಗಾಲಿ ಬದಲಿಸಿದೆ, ಬೇರಿಂಗ್ ಬದಲಿಸಿದೆ, ಗ್ರೀಸ್ ತುಂಬಿದೆ, ಕಡ್ಡಿಗಳನ್ನು ಒಂದೊಂದಾಗಿ ಬಿಗಿದೆ, ಆದರೂ ಏರಿನಲ್ಲಿ ಬೆನ್ನು ಮುರಿಯುತ್ತದೆ, ಮುಂದೆ ಕೂತ ಅಪ್ಪ, ತಿಂದಿದ್ದೆಲ್ಲ ಎಲ್ಲಿಗೆ ಹೋಗುತ್ತೋ ನಿಂಗೆ, ಎಮ್ಮೆ ಥರ ಉಸಿರು ಬಿಡ್ತೀಯಲ್ಲೋ — ಇಳಿಜಾರಿನಲ್ಲಿ ಮಾತ್ರ ಮಾತಿಲ್ಲ, ಆ ಇಳಿಜಾರು ಈಗ ಬೇಡ, ಕಪ್ಪು ಪುಡಿ, ಬೆಳಿಗ್ಗೆ ಬಿಚ್ಚಿ ಒಯ್ದಿದ್ದ ಈ ರಬ್ಬರನ್ನು ಅಂಗಡಿ ಯಜಮಾನ ಬೆಳಕಿಗೆ ಹಿಡಿದು, ಏನಯ್ಯಾ, ಬ್ರೇಕ್ ಹಾಕ್ಕೊಂಡೇ ತಳ್ತೀಯೇನು, ತಲೆಗಿಲೆ ಕೆಟ್ಟಿದ್ಯಾ, ನಾನೂ ಹಲ್ಲು ಬಿಟ್ಟಿದ್ದೆ, ಈಗ ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ, ಬಲಗಡೆ ಒಂದೇ, ಅಪ್ಪನಿಗೆ ಉಳಿದದ್ದೂ ಬಲಗೈ ಒಂದೇ, ಉರಿಬಿಸಿಲಲ್ಲೂ ತೊಡೆಯ ಮೇಲೆ ಬೇಕೇ ಬೇಕು ಎನ್ನುವ ಆ ಶಾಲು, ಬಲಕ್ಕೇ ಇಳಿಬಿದ್ದಿರುವ ಶಾಲು, ಅದರಡಿ ಕೈ, ಕೈಯಡಿ ಬ್ರೇಕಿನ ಸನ್ನೆಕೋಲು, ಅರ್ಧ ಒತ್ತಿಕೊಂಡು — ಇಷ್ಟು ದಿನ ನಾನು ತಳ್ಳಿದ್ದು ಕುರ್ಚಿಯನ್ನಲ್ಲ, ಈ ಮುದುಕನ ಮುಷ್ಟಿಯನ್ನು.

ಸ್ಪ್ಯಾನರ್ ಹಿಡಿದೇ ಒಳಗೆ ಹೋದೆ, ಬ್ರೇಕ್ ಯಾಕಪ್ಪಾ ಹಿಡಿತೀಯ, ಅಪ್ಪ ಗೋಡೆ ನೋಡಿದ, ಇಳಿಜಾರಲ್ಲಾದ್ರೆ ಹಿಡಿ, ಏರಲ್ಲೂ ಯಾಕೆ ಅಂದೆ, ಅದು ನಿನ್ನ ಕೈಗೇ ಗೊತ್ತು ಕಣೋ ಅಂದ, ಅಷ್ಟೇ, ಮಗ್ಗುಲಾಗಲು ಬಾರದವನು ಕಣ್ಣಷ್ಟೇ ಮುಚ್ಚಿಕೊಂಡ, ನಾನು ಹೊರಗೆ ಬಂದು ಹೊಸ ರಬ್ಬರಿಗೆ ಸ್ಕ್ರೂ ಹುಡುಕುತ್ತಿದ್ದೇನೆ, ತಗಡಿನ ಡಬ್ಬಿ, ತುಕ್ಕು ನಟ್ಟು, ತಳದಲ್ಲಿ ಹಳೆಯ ಹಿಡಿಗಳೆರಡು, ತಳ್ಳುವ ಕಂಬಿಯ ರಬ್ಬರು ಹಿಡಿಗಳು, ಕಳೆದ ವರ್ಷ ನಾನೇ ಕಿತ್ತು ಇದರೊಳಗೆ ಎಸೆದವು, ಆ ದಿನ ಆಸ್ಪತ್ರೆಯಲ್ಲಿ ನರ್ಸಮ್ಮ, ಮಗನಾ, ಪುಣ್ಯ ಮಾಡಿದ್ರಿ ನೀವು, ಅಪ್ಪ, ಪುಣ್ಯ ಎಲ್ಲಿಂದ ಬಂತಮ್ಮ, ಬೇರೆಲ್ಲೂ ಗತಿಯಿಲ್ಲ ಅಂತ ಬಿದ್ಕೊಂಡಿದಾನೆ, ಎಲ್ಲರೂ ನಕ್ಕರು, ಆಮೇಲೆ ಇಳಿಜಾರು, ಕುರ್ಚಿ ತಾನೇ ಓಡಿ ಗೇಟಿನ ಗೋಡೆಗೆ ಬಡಿದು ನಿಂತಿತು, ಓಡಿಬಂದವರಿಗೆಲ್ಲ ಹೇಳಿದೆ, ಬೆವರು ಸಾರ್, ಹಿಡಿ ಸವೆದು ಜಾರ್ತಿತ್ತು, ಮರುದಿನವೇ ಹೊಸ ಹಿಡಿ ಹಾಕಿದೆ, ನೋಡಪ್ಪ ಇನ್ನು ಜಾರಲ್ಲ, ಅಪ್ಪ, ಶಾಲು ಕೊಡು ಅಂದ — ಈಗ ಹಳೆಯದನ್ನು ಬೆಳಕಿಗೆ ಹಿಡಿಯುತ್ತೇನೆ, ಯಜಮಾನ ಹಿಡಿದ ಹಾಗೆ, ಗೀರುಗಳು ಒಂದೂ ಸವೆದಿಲ್ಲ, ಉಗುರಿಗೆ ಚುಚ್ಚುತ್ತವೆ, ಒಳಗಿನಿಂದ, ಲೋ, ಆಯ್ತೇನೋ, ಹೊಸ ರಬ್ಬರು ಕೂತಿದೆ, ಕುರ್ಚಿ ನೆಟ್ಟಗೆ ನಿಂತಿದೆ, ಅದರ ಹಿಂದೆ ಹಿಡಿಗಳ ಮೇಲೆ ನನ್ನ ಕಪ್ಪು ಕೈಗಳು, ಆ ದಿನದ ಹಾಗೆಯೇ ಮೊದಲು ಕಿರುಬೆರಳು ಬಿಚ್ಚುತ್ತದೆ, ಆಮೇಲೆ ಅದರ ಪಕ್ಕದ್ದು, ಒಂದೊಂದಾಗಿ, ಅವಸರವಿಲ್ಲದೆ, ಬೆವರಿನ ಒಂದು ಹನಿಯೂ ಇಲ್ಲದ ಒಣ ಬೆರಳುಗಳು.