ಅರ್ಧಕ್ಕೇ ನಿಂತ ನಾಟಕ

ಆ ಕಪಾಟು ಕಂಡರೆ ಶಿವಕುಮಾರಿ ಟೀಚರಿಗೆ ಮೈ ಉರಿಯುತ್ತಿತ್ತು. ಲಿಂಗಸುಗೂರು ರಸ್ತೆಯ ಆ ಹಳ್ಳಿಯ ಶಾಲೆಗೆ ಮಕ್ಕಳ ಕತೆಪುಸ್ತಕ ಬಂದು ಐದು ವರ್ಷವಾಗಿತ್ತು. ಒಂದೂ ಮಗುವಿನ ಮನೆ ಕಂಡಿರಲಿಲ್ಲ. ಹೆಡ್‌ಮಾಸ್ತರ ಹನುಮಂತರಾಯರು ವರ್ಷಕ್ಕೊಮ್ಮೆ ಕಪಾಟು ತೆಗೆದು, ಮಕ್ಕಳ ಕೈಗೆ ಒಂದೊಂದು ಪುಸ್ತಕ ಹಿಡಿಸಿ, ಫೋಟೊ ಹೊಡೆಸುತ್ತಿದ್ದರು. ಪುಟ ತಿರುವುವಷ್ಟರಲ್ಲಿ ಪುಸ್ತಕ ಒಳಗೆ, ಕೀಲಿಕೈ ಅವರ ಜೇಬಿಗೆ. ಬಿಸಿಯೂಟದ ತಟ್ಟೆ ಕೊಟ್ಟು, ಫೋಟೊ ತೆಗೆದು, ತಟ್ಟೆ ಕಸಿದುಕೊಂಡರೆ ಊರು ಸುಮ್ಮನಿರುತ್ತಿತ್ತೇ?

"ಹರದ್ರ, ಕಳದ್ರ ಮ್ಯಾಲಿನವರಿಗೆ ಜವಾಬು ಯಾರು ಕೊಡಬೇಕ್ರಿ? ನೀವ?" ಕೇಳಿದಾಗೆಲ್ಲ ಅವರದು ಒಂದೇ ಮಾತು.

ಈ ಸಲ ಲಿಂಗಸುಗೂರಿನಿಂದ ಶಿಕ್ಷಣ ಇಲಾಖೆಯ ಸಾಹೇಬರೊಬ್ಬರು ಬರುವವರಿದ್ದರು. ಮಕ್ಕಳಿಗೆ ಓದಿನ ರುಚಿ ಹತ್ತಿಸುವ ನಾಟಕವೊಂದಿರಲಿ ಎಂದು ಹೆಡ್‌ಮಾಸ್ತರರೇ ಹೇಳಿದರು. ಪುಸ್ತಕ ಮುಟ್ಟಲು ಬಿಡದವರು ರುಚಿಯ ಮಾತಾಡುತ್ತಾರಲ್ಲ ಎಂದುಕೊಂಡಳು ಶಿವಕುಮಾರಿ. ಆದರೂ ಹೂಂ ಅಂದಳು. ಹಿಂದಿನ ವರ್ಷ ಫೋಟೊದ ಗಡಿಬಿಡಿಯಲ್ಲಿ ನಿಂತಲ್ಲೇ ಓದಿ ಮುಗಿಸಿದ್ದ ಕತೆ ಆರಿಸಿಕೊಂಡಳು. ಅವ್ವನನ್ನು ಹುಡುಕುತ್ತ ಬಸ್ಸು ಹತ್ತಿದ ಕುರಿಮರಿಯ ಕತೆ.

ಅಂದು ಶಾಲೆಯ ಅಂಗಳದಲ್ಲಿ ಊರೇ ಸೇರಿತ್ತು. ಕಂಬಳಿ ಹೊದ್ದು ಕುರಿಮರಿ ಬಂತು. ಊಟದ ತಟ್ಟೆಯೇ ಸ್ಟೇರಿಂಗ್ ಆಯಿತು. "ಮಸ್ಕಿ, ಸಿಂಧನೂರ! ಒಳಗ ಸರಕೊಳ್ರಿ!" ಎಂದು ಕಂಡಕ್ಟರ್ ಕೂಗಿದಾಗ ನಗೆಯೋ ನಗೆ. ಅವನು ಕುರಿಮರಿಯ ಕಿವಿ ಹಿಡಿದು, "ಟಿಕೀಟ್ ಇಲ್ದ ಹತ್ತಿಯೇನಲೇ? ಇಳಿ ಕೆಳಗ, ಇಲ್ಲೇ ಅಡವ್ಯಾಗ!" ಎಂದ. ಕುರಿಮರಿ ಅತ್ತಿತು. ಶಿವಕುಮಾರಿ ಬಂದು ಪರದೆ ಎಳೆದಳು.

"ನಾಟಕ ಇಲ್ಲೀತನಕ ರೀ. ಉಳಿದದ್ದು ಪುಸ್ತಕದಾಗ ಐತಿ."

"ಅಯ್ಯ, ಅದಕ್ಕ ಅವ್ವ ಸಿಕ್ಕಳೊ ಇಲ್ಲೊ?" ಮುಂದೆ ಕುಳಿತಿದ್ದ ಕುರಿ ಕಾಯುವ ಯಮನೂರಮ್ಮ ಎದ್ದೇ ನಿಂತಳು.

ಸಾಹೇಬರು ನಗುತ್ತ ಹೆಡ್‌ಮಾಸ್ತರರ ಕಡೆ ತಿರುಗಿದರು. "ನೀವ ಹೇಳಿಬಿಡ್ರಿ, ಮಾಸ್ತರ."

ಹನುಮಂತರಾಯರು ಕೆಮ್ಮಿದರು. ಐದು ವರ್ಷ ಕಾವಲು ಕಾದ ಪುಸ್ತಕದೊಳಗೆ ಏನಿದೆಯೆಂದು ಅವರಿಗೇ ಗೊತ್ತಿರಲಿಲ್ಲ. "ಸಿಗ್ತಾಳ್ರಿ... ಸಿಗದ ಎಲ್ಲಿ ಹೋಗ್ತಾಳ?"

"ನೋಡಿ ಹೇಳ್ರಿ!" ಯಮನೂರಮ್ಮ ಬಿಡಲಿಲ್ಲ. "ಕೀಲಿಕೈ ನಿಮ್ಮ ಕಿಸೇದಾಗ ಐತೆಂತ ನಮ್ಮ ಮೊಮ್ಮಗಳು ಹೇಳ್ಯಾಳ."

ಮಕ್ಕಳೆಲ್ಲ "ಕೀಲಿಕೈ! ಕೀಲಿಕೈ!" ಎಂದು ಕೂಗತೊಡಗಿದರು. ಸಾಹೇಬರ ನಗು ನಿಂತಿತು. ಬೇರೆ ದಾರಿಯಿಲ್ಲದೆ ಹೆಡ್‌ಮಾಸ್ತರರು ಜೇಬಿಗೆ ಕೈ ಹಾಕಿದರು.

ಸಂಜೆಯವರೆಗೆ ಶಿವಕುಮಾರಿ ಪುಸ್ತಕ ಹಂಚಿದಳು. ಕುರಿಮರಿಯ ಪುಸ್ತಕ ಎಲ್ಲರಿಗೂ ಬೇಕಾದ್ದರಿಂದ ಅದನ್ನು ಮೇಜಿನ ಮೇಲೆಯೇ ಇಟ್ಟಳು. ಮೊಮ್ಮಗಳು ಓದಿ ಹೇಳಿದ ಮೇಲೆಯೇ ಯಮನೂರಮ್ಮ ಮನೆಗೆ ಹೋದದ್ದು. ಗೆದ್ದೆನೆಂದು ಶಿವಕುಮಾರಿ ಒಳಗೊಳಗೇ ಹಿಗ್ಗಿದಳು.

ಸಾಲಿನ ಕೊನೆಗೆ ಗೌಸಿಯಾ ನಿಂತಿದ್ದಳು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು ಹತ್ತಿ ಹೊಲಕ್ಕೆ ಹೋಗುತ್ತಿದ್ದ ಹುಡುಗಿ. ಕುರಿಮರಿಯ ಪುಸ್ತಕ ತೆಗೆದು ನೋಡಿದಳು, ಮತ್ತೆ ಮುಚ್ಚಿದಳು.

"ಟೀಚರ್, ಸಾಲಿ ಬಿಟ್ಟು ಮೂರು ವರ್ಷ ಆತ್ರಿ, ಅಕ್ಷರ ಕೂಡಸಾಕ ಬರವಲ್ದು," ಅಂದಳು. "ಯಾರರ ಓದಿ ಹೇಳ್ತೀರೇನ್ರಿ?"

ಶಿವಕುಮಾರಿಯ ಹಿಗ್ಗೆಲ್ಲ ಇಳಿದುಹೋಯಿತು. ಸಾಹೇಬರನ್ನು ಕಳಿಸಿ ಬರುತ್ತಿದ್ದ ಹನುಮಂತರಾಯರ ಎದುರು ಕುರ್ಚಿ ಎಳೆದಿಟ್ಟು, ಪುಸ್ತಕವನ್ನು ಅವರ ಕೈಗೇ ಕೊಟ್ಟಳು.

"ಜವಾಬು ಯಾರು ಕೊಡಬೇಕು ಅಂತಿದ್ರಲ್ಲ ಸರ? ಈಕಿ ಕೇಳಾಕತ್ಯಾಳ. ಓದಿ ಹೇಳ್ರಿ, ಕಡೀತನಕ."

ಅವರು ಕುಳಿತುಕೊಳ್ಳುವವರೆಗೂ ಆಕೆ ಅಲ್ಲಿಂದ ಕದಲಲಿಲ್ಲ.