ಬಲೂನಿನ ಗಡ್ಡ

"ಈಗ ಹೇಳಿ, ಒಂದಾ, ಎರಡಾ?"

ಹೆಂಡತಿ ಅಂಗಡಿಯ ಬಾಗಿಲಲ್ಲಿ ನಿಂತು ಬಾಚಣಿಗೆ ಎತ್ತಿ ಹಿಡಿದಿದ್ದಳು. ಕ್ಷೌರಿಕ ಗಿರಾಕಿಗಳ ಕುರ್ಚಿಯಲ್ಲಿ ತಾನೇ ಕೂತು ಅದನ್ನು ದಿಟ್ಟಿಸಿದ.

"ಒಂದೇ."

"ನಿಜವಾಗ್ಲೂ?"

"ನಿನ್ನಾಣೆ. ನಾಳೆ ಡಾಕ್ಟರ ಮುಂದೆಯೂ ಇದನ್ನೇ ಹೇಳ್ತೀನಿ. ನಾಡಿದ್ದರಿಂದ ಕತ್ತಿ ಹಿಡೀತೀನಿ."

ಸಕ್ಕರೆ ಕಾಯಿಲೆ ಸದ್ದಿಲ್ಲದೆ ಬಂದು ಅವನ ಬಲಗಣ್ಣನ್ನು ಹೊರಕ್ಕೆ ತಿರುಗಿಸುವ ನರಕ್ಕೇ ಕೈಹಾಕಿತ್ತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಎದುರಿಗಿದ್ದದ್ದೆಲ್ಲ ಜೋಡಿ. ಯಾವ ನಲ್ಲಿಯ ಕೆಳಗೆ ಚೊಂಬು ಹಿಡಿಯಬೇಕೆಂದೇ ತಿಳಿಯಲಿಲ್ಲ. ಡಾಕ್ಟರು ಸಮಾಧಾನವಾಗಿಯೇ ಹೇಳಿದ್ದರು: "ಇಂಥ ನರ ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ತಾನಾಗಿಯೇ ಚೇತರಿಸಿಕೊಳ್ಳುತ್ತೆ. ಆದ್ರೆ ಎಲ್ಲರಿಗೂ ಪೂರ್ತಿ ಸರಿಹೋಗುತ್ತೆ ಅಂತ ಬರೆದುಕೊಡೋಕಾಗಲ್ಲ. ಎರಡರ ನಡುವಿನ ದೂರ ಕಮ್ಮಿಯಾಗ್ತಿದೆಯಾ, ಅದನ್ನ ನೋಡ್ತಿರಿ." ಪಾಪ, ಅವನ ಕಿವಿಯಲ್ಲಿ ಉಳಿದದ್ದು ಬರೆದುಕೊಡೋಕಾಗಲ್ಲ ಎಂಬುದೊಂದೇ. ಅಂದಿನಿಂದ ಕತ್ತಿ ಡ್ರಾಯರಿನಲ್ಲಿ ಮಲಗಿತ್ತು. ಹಳೇ ಗಿರಾಕಿಗಳು ತಲೆ ತಗ್ಗಿಸಿಕೊಂಡು ಎದುರು ಸಾಲಿನ ಅಂಗಡಿಗೆ ನುಸುಳುತ್ತಿದ್ದರು.

"ಹಾಗಾದ್ರೆ ಬಲೂನ್ ಊದ್ತೀನಿ," ಎಂದಳು ಹೆಂಡತಿ.

ಹೊಸಬರಿಗೆ ಕೆಲಸ ಕಲಿಸುವಾಗ ಅವನು ಮಾಡಿಸುತ್ತಿದ್ದದ್ದೇ ಅದು. ಬಲೂನಿಗೆ ನೊರೆ ಹಚ್ಚಿ, ಕತ್ತಿಯಿಂದ ಅದರ ಗಡ್ಡ ತೆಗೆಯಬೇಕು. ಒಡೆಯಿತೋ, ಮನುಷ್ಯರ ಗಲ್ಲ ಮುಟ್ಟುವಂತಿಲ್ಲ. ಈಗ ತನಗೇ ಆ ಪರೀಕ್ಷೆ ಬಂತಲ್ಲ ಎಂದು ಅವನು ಸಿಡುಕಿದ. ಆದರೂ ಎದ್ದ.

ಅವಳು ಬಲೂನನ್ನು ಕುರ್ಚಿಯ ತಲೆ ಆನಿಸುವ ದಿಂಬಿಗೆ ಕಟ್ಟಿದಳು. ಅವನು ಬ್ರಷ್ಷಿನಿಂದ ನೊರೆ ಬಳಿದು, ಕತ್ತಿ ಬಿಚ್ಚಿ, ಮೇಲಿನಿಂದ ಕೆಳಕ್ಕೆ ಎಳೆದ. ನೊರೆ ನುಣ್ಣಗೆ ಕತ್ತಿಯ ಮೇಲೇರಿತು. ಇನ್ನೊಂದು ಎಳೆತ. ಅವಳ ಮುಖ ಅರಳಿತು. ಆಮೇಲೆ ಅವಳ ಕಣ್ಣು ಅವನ ಕತ್ತಿನ ಮೇಲೆ ಬಿತ್ತು.

ಬಲೂನು ಎದುರಿಗಿದ್ದರೂ ಅವನ ಗದ್ದ ಬಲಭುಜದ ಕಡೆ ತಿರುಗಿತ್ತು. ಕತ್ತಿನ ನರ ಬಿಗಿದು ನಿಂತಿತ್ತು. ಬಾಚಣಿಗೆ ನೋಡುವಾಗಲೂ ಹೀಗೇ ಕೂತಿದ್ದನಲ್ಲ ಎಂದು ಅವಳಿಗೆ ಹೊಳೆಯಿತು. ಗಿರಾಕಿಗಳ ತಲೆಯನ್ನು ಅವನು ತಿರುಗಿಸುವ ಹಾಗೆಯೇ, ಎರಡು ಬೆರಳನ್ನು ಗದ್ದಕ್ಕೆ ಕೊಟ್ಟು ಅವನ ಮುಖವನ್ನು ನೇರ ಮಾಡಿದಳು.

"ಈಗ ತೆಗೀರಿ."

ಕತ್ತಿ ಬಲಗಡೆಯ ಅಂಚಿಗೆ ಹೋಯಿತು. ಢಬ್! ನೊರೆ ಇಬ್ಬರ ಮುಖಕ್ಕೂ ಸಿಡಿಯಿತು.

ಅವನು ಕತ್ತಿ ಮಡಚಿ ಕೆಳಗಿಟ್ಟ. "ಕತ್ತು ತಾನಾಗೇ ಹಾಗೆ ತಿರುಗಿಕೊಳ್ತು. ಹಾಗಿದ್ರೆ ಒಂದೇ ಕಾಣ್ಸುತ್ತೆ. ಇರ್ಲಿ ಅಂತ ಸುಮ್ಮನಾದೆ." ಅವನ ದನಿ ಕುಸಿದಿತ್ತು. "ಇನ್ನೂ ಎರಡೇ ಕಣೇ. ನಾಳೆ ಡಾಕ್ಟರು ಇದು ಇಷ್ಟೇ ಅಂದ್ಬಿಟ್ರೆ? ನಂಗೆ ಬೇರೆ ಏನು ಬರುತ್ತೆ?"

ಅವಳಿಗೆ ಕೋಪ ಬರಬೇಕಿತ್ತು, ಬರಲಿಲ್ಲ. ಬಾಚಣಿಗೆ ಎತ್ತಿಕೊಂಡು ಮತ್ತೆ ಬಾಗಿಲಿಗೆ ಹೋದಳು.

"ಮುಖ ನೇರ ಇಟ್ಕೊಳ್ಳಿ. ಎರಡರ ಮಧ್ಯೆ ಎಷ್ಟು ಜಾಗ ಇದೆ?"

"ಅದನ್ನೇನು ಕೇಳ್ತೀಯ..."

"ಹೇಳಿ ಅಂದ್ರೆ."

ಅವನು ನೋಡಿದ. "ಮೊದಲು ಒಂದು ಬಾಗಿಲಲ್ಲಿದ್ರೆ ಇನ್ನೊಂದು ಕಿಟಕಿ ಹತ್ರ ಇರ್ತಿತ್ತು." ಕಣ್ಣು ಕಿರಿದು ಮಾಡಿದ. "ಈಗ... ಒಂದರ ಹಲ್ಲು ಇನ್ನೊಂದಕ್ಕೆ ತಾಗ್ತಿದೆ."

"ಡಾಕ್ಟರು ನೋಡ್ತಿರಿ ಅಂದಿದ್ದು ಇದನ್ನೇ ಅಲ್ವಾ? ಹತ್ರ ಬರ್ತಿದ್ರೆ ನರಕ್ಕೆ ಜೀವ ಬರ್ತಿದೆ ಅಂತ. ನನ್ನ ಮೇಲೆ ಆಣೆ ಹಾಕಿ ಇದನ್ನಾ ಮುಚ್ಚಿಡೋಕೆ ಹೊರಟಿದ್ರಿ?"

ಅವನ ಗದ್ದ ಬಲಕ್ಕೆ ಜಾರಲು ನೋಡಿತು. ತಡೆದು ನೇರಕ್ಕೆ ಇಟ್ಟುಕೊಂಡ.

ಬಾಗಿಲಿನಿಂದ ಹೆಂಡತಿಯರಿಬ್ಬರು ಭುಜಕ್ಕೆ ಭುಜ ತಾಗಿಸಿಕೊಂಡು ಅವನ ಕಡೆಗೆ ನಡೆದು ಬಂದರು. ಇಬ್ಬರ ಕೆನ್ನೆಯ ಮೇಲೂ ನೊರೆ ಇತ್ತು. ಅವನು ಟವೆಲ್ ಎತ್ತಿಕೊಂಡು ಕಾದ.