ನಾಲ್ಕಕ್ಕಿಂತ ಒಂಬತ್ತು ದೊಡ್ಡದು

ಸೋಂಕು ತಡೆಯುವ ಕೆಲಸ ಕಲಿಯಲು ಆಸ್ಪತ್ರೆಗೆ ಸೇರಿ ಮೂರನೇ ವಾರ. ಅಷ್ಟರಲ್ಲಿ ನನಗೆ ತಿಳಿದದ್ದಿಷ್ಟು: ಎಣಿಸುವುದು ಎಲ್ಲರಿಗೂ ಬರುತ್ತದೆ, ಭಾಗಿಸುವುದು ದೊಡ್ಡವರಿಗೆ ಬರುವುದಿಲ್ಲ.

ಸಭೆಯಲ್ಲಿ ದೊಡ್ಡ ಸರ್ಜನ್ ಬೋರ್ಡಿಗೆ ಬೆರಳು ತಟ್ಟಿದರು. ಆಪರೇಷನ್ ಗಾಯ ಕೀವಾದವರು ಕೆಳಗಿನ ವಾರ್ಡಿನಲ್ಲಿ ಒಂಬತ್ತು, ಅವರದೇ ಮೇಲಿನ ವಾರ್ಡಿನಲ್ಲಿ ನಾಲ್ಕು.

"ಯಾವುದ್ರೀ ದೊಡ್ಡದು? ಕೆಳಗೆ ನೆಲ ಒರೆಸೋಳನ್ನ ನಾಳೆಯಿಂದ ತೆಗೆದುಹಾಕಿ."

ಸುತ್ತ ಕೂತವರೆಲ್ಲ ಕೋಲೆಬಸವನಂತೆ ತಲೆಯಾಡಿಸಿದರು.

ಅಜ್ಜಿಯ ಕಥೆಯಲ್ಲೊಬ್ಬ ರಾಜನಿದ್ದ. ಊರಿಗಿಂತ ತನ್ನ ಅರಮನೆಯಲ್ಲೇ ಇಲಿ ಕಮ್ಮಿ ಎಂದು ಬೀಗುತ್ತಿದ್ದ. ಅರಮನೆಯಲ್ಲಿ ಇದ್ದದ್ದೇ ಎರಡು ಕೋಣೆ. ಅಂಥ ಪೆದ್ದ ಎಲ್ಲೂ ಇರಲಾರ ಅಂದುಕೊಂಡಿದ್ದೆ. ಈಗ ಅವನೇ ಕುತ್ತಿಗೆಗೆ ಸ್ಟೆತೊಸ್ಕೋಪ್ ಹಾಕಿಕೊಂಡು ಎದುರಿಗೇ ನಿಂತಿದ್ದ.

ನೆಲ ಒರೆಸುವ ಅಕ್ಕ ಹನ್ನೆರಡು ವರ್ಷದಿಂದ ಇಲ್ಲೇ ಇದ್ದವಳು. ಸುದ್ದಿ ಕೇಳಿ ಬಕೆಟ್ ಕೆಳಗಿಟ್ಟಳು.

"ನನ್ನ ಒರೆಸುಬಟ್ಟೆ ರೋಗಿಗಳ ಹೊಟ್ಟೆಯೊಳಗೆ ಹೋಗಿತ್ತೇನಮ್ಮಾ?"

ದಾಖಲೆ ಪುಸ್ತಕ ತೆಗೆದೆ. ಕೆಳಗೆ ಆಪರೇಷನ್ ಆದವರು ಮುನ್ನೂರು, ಮೇಲೆ ಬರೀ ನಲವತ್ತು. ಅಂದರೆ ಕೆಳಗೆ ನೂರಕ್ಕೆ ಮೂರು, ಮೇಲೆ ನೂರಕ್ಕೆ ಹತ್ತು. ಮೆಟ್ಟಿಲು ಹತ್ತಿ ಹೋಗಿ ನೋಡಿದೆ. ಕೈಗೆ ಹಚ್ಚಿಕೊಳ್ಳುವ ಔಷಧದ ಬಾಟಲಿ ಕಂಠದವರೆಗೂ ತುಂಬಿತ್ತು, ಮೇಲೆ ಧೂಳು. ತೆರೆದ ತಾರೀಖು ನಾಲ್ಕು ತಿಂಗಳ ಹಿಂದಿನದು. ಕೆಳಗೆ ವಾರಕ್ಕೊಂದು ಬಾಟಲಿ ಖಾಲಿಯಾಗುತ್ತದೆ.

"ಸಾಹೇಬ್ರಿಗೆ ಅದರ ವಾಸನೆ ಆಗಲ್ಲ," ಅಂದಳು ನರ್ಸ್. "ನನ್ನ ಕೈ ಚೊಕ್ಕ ಚಿನ್ನ ಅಂತಾರೆ."

ಮರುದಿನ ಬೆಳಿಗ್ಗೆ ಮತ್ತೆ ಸಭೆ. ಅಕ್ಕನನ್ನು ತೆಗೆಯುವ ಪತ್ರಕ್ಕೆ ಸಹಿ ಹಾಕಲು ಆಸ್ಪತ್ರೆಯ ಅಧೀಕ್ಷಕಿ ಪೆನ್ ತೆರೆದಿದ್ದರು.

"ಸರ್, ಎಷ್ಟು ಜನರಲ್ಲಿ ಒಂಬತ್ತು?" ಅಂದೆ ಸರ್ಜನ್‌ಗೆ.

"ಅದೆಲ್ಲ ಯಾಕಮ್ಮಾ ಈಗ?"

ಬೋರ್ಡಿನಲ್ಲಿ ಒಂಬತ್ತರ ಕೆಳಗೆ ಮುನ್ನೂರು, ನಾಲ್ಕರ ಕೆಳಗೆ ನಲವತ್ತು ಬರೆದೆ. ಬಾಟಲಿಯನ್ನು ಮೇಜಿನ ಮೇಲಿಟ್ಟೆ. ಅಧೀಕ್ಷಕಿ ಅದರ ತಾರೀಖು ಓದಿದರು.

"ಅಂಕಿಸಂಖ್ಯೆ ಏನು ಬೇಕಾದ್ರೂ ಹೇಳುತ್ತೆ," ಸರ್ಜನ್ ಗೊಣಗಿದರು.

"ಹೌದು ಸರ್. ನಿನ್ನೆ ಹೇಳಿತ್ತಲ್ಲ."

ತಲೆಗಳು ಈ ಸಲ ನನ್ನ ಕಡೆಗೆ ಆಡಿದವು. ನಾಚಿಕೆಗೆಟ್ಟ ತಲೆಗಳು! ಅಧೀಕ್ಷಕಿ ಪೆನ್ನಿನ ಮುಚ್ಚಳ ಹಾಕಿ ಪತ್ರವನ್ನು ಹರಿದರು. ಅಕ್ಕನಿಗೆ ಹೊಸ ಕೆಲಸವೊಂದು ಸೇರಿತು: ದಿನಾ ಬೆಳಿಗ್ಗೆ ಮೇಲಿನ ವಾರ್ಡಿನ ಬಾಗಿಲಲ್ಲಿ ಬಾಟಲಿ ಹಿಡಿದು ನಿಲ್ಲುವುದು.

ದೊಡ್ಡ ಸರ್ಜನ್ ಬಂದರು. ಬೆತ್ತದೇಟಿಗೆ ಚಾಚುವವರಂತೆ ಕೈ ಚಾಚಿದರು. ಅಕ್ಕ ಬಾಟಲಿಯನ್ನು ಎರಡು ಸಲ ಒತ್ತಿದಳು.

"ಉಜ್ಜಿ ಸಾಹೇಬ್ರೇ. ಬೆರಳ ಸಂದೀಲೂ."